ಒಂದೇ ಕ್ಷೇತ್ರದಿಂದ ಸತತ ಹತ್ತು ಸಲ ಗೆದ್ದ ಸಂಸದರು ಇದ್ದಾರಾ? ಜನ ಅಷ್ಟು ವರ್ಷ ಒಬ್ಬರನ್ನೇ ಯಾಕೆ ಆರಿಸ್ತಾರೆ?

ಇದ್ದಾರೆ. ಲಕ್ಷದ್ವೀಪದ ಪಿ.ಎಂ. ಸಯೀದ್. 1967ರಿಂದ 1999ರವರೆಗೆ ಅಲ್ಲಿ ನಡೆದ ಹತ್ತೂ ಲೋಕಸಭಾ ಚುನಾವಣೆಗಳನ್ನು ಅವರೇ ಗೆದ್ದರು. ಯಾಕೆ ಅನ್ನುವುದನ್ನು ನಾನು ತಿಳಿದದ್ದು ಮಂಗಳೂರಿನ ಹಳೇ ಬಂದರಿನಲ್ಲಿ.

ಅಲ್ಲಿ ಅಪ್ಪನಿಗೆ ದಿನಸಿ ಅಂಗಡಿ ಇತ್ತು. ದ್ವೀಪದವರು ಮಂಜಿಯಲ್ಲಿ, ಅಂದರೆ ಸರಕು ಸಾಗಿಸುವ ಮರದ ಹಡಗಿನಲ್ಲಿ, ಕೊಬ್ಬರಿ, ತೆಂಗಿನ ನಾರಿನ ಹಗ್ಗ ತರುತ್ತಿದ್ದರು. ವಾಪಸ್ ಹೋಗುವಾಗ ಅಕ್ಕಿ, ಈರುಳ್ಳಿ, ಹೆಂಚು, ಸಿಮೆಂಟ್, ಜಲ್ಲಿ ತುಂಬಿಕೊಳ್ಳುತ್ತಿದ್ದರು. ಮನೆ ಕಟ್ಟುವ ಕಲ್ಲೂ ಸಮುದ್ರ ದಾಟಿಯೇ ಹೋಗಬೇಕು ನೋಡಿ. ಮೇ ತಿಂಗಳು ಬಂತೆಂದರೆ ಧಕ್ಕೆಯಲ್ಲಿ, ಅಂದರೆ ಸರಕು ಇಳಿಸಿ ಹತ್ತಿಸುವ ಕಟ್ಟೆಯಲ್ಲಿ, ಗಡಿಬಿಡಿ. ಮಳೆಗಾಲ ಶುರುವಾದರೆ ಮಂಜಿ ನಿಂತುಹೋಗುತ್ತದೆ. ಆಗ ಮರೆತ ಸಾಮಾನಿಗೆ ಸೆಪ್ಟೆಂಬರ್‌ವರೆಗೆ ಕಾಯಬೇಕು. ಅಪ್ಪ ಪಟ್ಟಿಯನ್ನು ಎರಡೆರಡು ಸಲ ಗಟ್ಟಿಯಾಗಿ ಓದಿ ಹೇಳುತ್ತಿದ್ದರು.

ಇಂಥ ಊರಿಗೆ ಸಂಸದ ಅಂದರೆ ಏನು ಅಂತ ಯೋಚಿಸಿ. ಅಲ್ಲಿ ವಿಧಾನಸಭೆ ಇಲ್ಲ, ಶಾಸಕರೂ ಇಲ್ಲ. ಆಡಳಿತ ನಡೆಸುವ ಅಧಿಕಾರಿಯನ್ನು ಕಳಿಸುವುದು ದಿಲ್ಲಿ. ಪಂಚಾಯಿತಿಗಳು ಬಂದದ್ದೇ 1990ರ ದಶಕದಲ್ಲಿ. ಹಡಗು ಸಾಲದು, ಆಸ್ಪತ್ರೆಯಲ್ಲಿ ಡಾಕ್ಟರ್ ಇಲ್ಲ, ಅಕ್ಕಿ ಬಂದಿಲ್ಲ, ಹೀಗೆ ಏನೇ ಇದ್ದರೂ ದಿಲ್ಲಿಯಲ್ಲಿ ಹೇಳಲು ಇದ್ದದ್ದು ಒಬ್ಬರೇ. 1967ಕ್ಕಿಂತ ಮುಂಚೆ ಆ ಒಬ್ಬರನ್ನು ಆರಿಸುವ ಹಕ್ಕೂ ಜನರಿಗೆ ಇರಲಿಲ್ಲ. ರಾಷ್ಟ್ರಪತಿ ನೇಮಿಸುತ್ತಿದ್ದರು.

ಸಯೀದ್ 1941ರಲ್ಲಿ ಆಂದ್ರೋತ್ ದ್ವೀಪದಲ್ಲಿ ಹುಟ್ಟಿದವರು. ಕಾಲೇಜು ಓದಿದ್ದು ನಮ್ಮ ಮಂಗಳೂರಿನಲ್ಲೇ. ಇದೇನೂ ಆಶ್ಚರ್ಯ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್ ಕಡೆಯ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮೊದಲ ಚುನಾವಣೆಗೆ ಪಕ್ಷೇತರರಾಗಿ ನಿಂತು ಗೆದ್ದಾಗ ಅವರಿಗೆ ಮೂವತ್ತೂ ಆಗಿರಲಿಲ್ಲ. ಆಮೇಲೆ ಕಾಂಗ್ರೆಸ್ ಸೇರಿದರು. 1977ರಲ್ಲಿ ಉತ್ತರದಲ್ಲಿ ಕಾಂಗ್ರೆಸ್ ಕೊಚ್ಚಿಹೋದಾಗಲೂ ಗೆದ್ದರು. 1980ರಲ್ಲಿ ಇಂದಿರಾ ಅಲೆ ಇತ್ತು. ಇವರು ಮಾತ್ರ ದೇವರಾಜ ಅರಸು ಹೆಸರಿನ ಕಾಂಗ್ರೆಸ್‌ನಿಂದ ನಿಂತಿದ್ದರು, ಆದರೂ ಗೆದ್ದರು. ಜನ ಪಕ್ಷ ನೋಡಿ ಓಟು ಹಾಕುತ್ತಿರಲಿಲ್ಲ ಅಂತ ನಾನು ಹೇಳುವುದು ಅದಕ್ಕೇ. ನರಸಿಂಹ ರಾವ್ ಸರ್ಕಾರದಲ್ಲಿ ರಾಜ್ಯ ಸಚಿವರಾದರು. 1998ರಿಂದ 2004ರವರೆಗೆ ಲೋಕಸಭೆಯ ಡೆಪ್ಯುಟಿ ಸ್ಪೀಕರ್. ಸರ್ಕಾರ ವಾಜಪೇಯಿಯವರದು, ಇವರು ವಿರೋಧ ಪಕ್ಷದವರು. ದೇಶದ ಅತಿ ಚಿಕ್ಕ ಕ್ಷೇತ್ರದಿಂದ ಬಂದವರು ಆ ಪೀಠದಲ್ಲಿ ಕೂತು ಸದನ ನಡೆಸಿದ್ದು ನನಗೆ ಈಗಲೂ ಹೆಮ್ಮೆಯ ವಿಷಯ.

ಚಿಕ್ಕದು ಅಂದರೆ ಎಷ್ಟು? ದಕ್ಷಿಣ ಕನ್ನಡದಲ್ಲಿ ಈಗ ಸುಮಾರು 18 ಲಕ್ಷ ಮತದಾರರು. ಲಕ್ಷದ್ವೀಪದಲ್ಲಿ ಇವತ್ತಿಗೂ 60,000 ದಾಟಿಲ್ಲ. ಹತ್ತು ದ್ವೀಪಗಳಲ್ಲಿ ಜನ ಇದ್ದಾರೆ, ಎಲ್ಲರಿಗೂ ಎಲ್ಲರ ಪರಿಚಯ. ಅಭ್ಯರ್ಥಿ ಯಾರ ಮನೆಯ ಮದುವೆಗೆ ಬಂದ, ಯಾರ ಸಾವಿಗೆ ಬರಲಿಲ್ಲ, ಎಲ್ಲ ನೆನಪಿರುತ್ತದೆ.

2004ರಲ್ಲಿ ಸಯೀದ್ ಸೋತರು. ಜೆಡಿಯು ಪಕ್ಷದ ಪೂಕುಂಞಿ ಕೋಯಾ ಎದುರು, ಬರೀ 71 ಓಟುಗಳಿಂದ. ಆ ವಾರ ಮಂಜಿ ನಡೆಸುವ ಒಬ್ಬ ಹಿರಿಯ ತಂಡೇಲರು ನಮ್ಮ ಅಂಗಡಿಗೆ ಬಂದಿದ್ದರು. ಅಕ್ಕಿ ಮೂಟೆ ಮೇಲೆ ಕೂತು ಬೆರಳು ಮಡಚಿ ಎಣಿಸತೊಡಗಿದರು. ಈ ಮನೆಯಲ್ಲಿ ನಾಲ್ಕು, ಆ ಮನೆಯಲ್ಲಿ ಆರು, ಕೊಚ್ಚಿಯಲ್ಲಿ ಉಳಿದ ಹುಡುಗರು ಐದು ಜನ. "ನಮ್ಮ ಒಂದು ಓಣಿ ಸಾಕಿತ್ತು ಸಾಹುಕಾರ್ರೇ" ಅಂದರು. ಅಪ್ಪ ಚಹಾ ತರಿಸಿದರು. ಅವರು ಕುಡಿಯಲಿಲ್ಲ. ನನಗೂ ಅವತ್ತು ತುಂಬಾ ಬೇಜಾರಾಯಿತು.

ಸೋತ ಮೇಲೂ ಸಯೀದ್ ಅವರನ್ನು ಪ್ರಧಾನಿ ಮನಮೋಹನ್ ಸಿಂಗ್ ಇಂಧನ ಸಚಿವರನ್ನಾಗಿ ಮಾಡಿದರು, ಸಯೀದ್ ರಾಜ್ಯಸಭೆಗೂ ಬಂದರು. ಜಾಸ್ತಿ ದಿನ ಉಳಿಯಲಿಲ್ಲ. 2005ರ ಡಿಸೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ತೀರಿಕೊಂಡರು. 2009ರಲ್ಲಿ ಅವರ ಮಗ ಹಮ್ದುಲ್ಲಾ ಸಯೀದ್ ಗೆದ್ದರು. 2014ರಲ್ಲಿ ಅದೇ ಜನ ಮಗನನ್ನು ಬಿಟ್ಟು ಬೇರೆಯವರನ್ನು ಆರಿಸಿದರು. 2024ರಲ್ಲಿ ಮತ್ತೆ ಹಮ್ದುಲ್ಲಾ ಅವರನ್ನೇ ಕರೆತಂದರು.