ಹಳೆಯ ಕ್ಯಾಮೆರಾ, ಕಪ್ಪು ಬಿಳುಪು ರೀಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಜ್ಜನ ಟ್ರಂಕಿನಲ್ಲಿ ಅಗ್ಫಾ ಕ್ಲಿಕ್ 3 ಕ್ಯಾಮೆರಾ ಸಿಕ್ಕಿದೆ. ಗುಂಡಿ ಒತ್ತಿದರೆ ಶಟರಿನ ಸದ್ದು ಕೇಳಿಸುತ್ತದೆ. ಇದಕ್ಕೆ ಈಗಲೂ ರೀಲು ಸಿಗುತ್ತದೆಯೇ? ಪರಿಚಯದವರೊಬ್ಬರು 400 ವೇಗದ ರೀಲನ್ನೇ ಹಾಕಬೇಕು ಎನ್ನುತ್ತಾರೆ. ಅದು ಸರಿಯೇ?
– ಓದುಗರು, ಸಾಗರ

ಉತ್ತರ: ರೀಲು ಖಂಡಿತ ಸಿಗುತ್ತದೆ. ನಿಮ್ಮ ಕ್ಯಾಮೆರಾಕ್ಕೆ ಬೇಕಾದದ್ದು 120 ಅಳತೆಯ ರೀಲು. ಇಂಗ್ಲೆಂಡಿನ ಇಲ್ಫರ್ಡ್, ಜೆಕ್ ಗಣರಾಜ್ಯದ ಫೋಮಾ, ಅಮೆರಿಕದ ಕೊಡಾಕ್ ಕಂಪನಿಗಳ ಕಪ್ಪು ಬಿಳುಪು ರೀಲುಗಳು ಈ ಅಳತೆಯಲ್ಲಿ ಇಂದಿಗೂ ತಯಾರಾಗುತ್ತಿವೆ. ಆನ್‌ಲೈನ್ ಮಳಿಗೆಗಳ ಮೂಲಕ ಅವುಗಳನ್ನು ತರಿಸಿಕೊಳ್ಳಬಹುದು. ಒಂದು ರೀಲಿಗೆ 6 ಸೆಂ.ಮೀ. ಚೌಕದ 12 ಚಿತ್ರಗಳು ಬರುತ್ತವೆ. ಕ್ಯಾಮೆರಾ ತೆರೆದಾಗ ಒಳಗೆ ಖಾಲಿ ಸುರುಳಿಯೊಂದು ಉಳಿದಿದ್ದರೆ ಅದನ್ನು ಜೋಪಾನವಾಗಿಡಿ. ತೆಗೆದ ರೀಲು ಸುತ್ತಿಕೊಳ್ಳಬೇಕಾದದ್ದು ಅದರ ಮೇಲೆಯೇ. ಅದಿಲ್ಲದಿದ್ದರೆ ಹೊಸ ರೀಲು ಕೈಗೆ ಬಂದರೂ ಚಿತ್ರ ತೆಗೆಯಲು ಆಗುವುದಿಲ್ಲ.

ಇನ್ನು ವೇಗದ ಮಾತು. ರೀಲಿನ ವೇಗ ಎಂದರೆ ಅದು ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದರ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಕಡಿಮೆ ಬೆಳಕು ಸಾಕು. ಬರೋಡದಲ್ಲಿ ತಯಾರಾಗಿ ನಮ್ಮ ಮಧ್ಯಮವರ್ಗದ ಮನೆಗಳನ್ನು ತಲುಪಿದ ಈ ಕ್ಯಾಮೆರಾ ಬಹಳ ಸರಳವಾದದ್ದು. ಇದಕ್ಕಿರುವುದು ಒಂದು ಸಾದಾ ಮಸೂರ ಮತ್ತು ಹೆಚ್ಚುಕಡಿಮೆ ಒಂದೇ ವೇಗದ ಶಟರ್. ಲೆಕ್ಕಕ್ಕೆಂದು ಅದರ ಕಿಂಡಿಯನ್ನು (ಮಸೂರದಲ್ಲಿ ಬೆಳಕು ಒಳಬರುವ ರಂಧ್ರ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅದು ದೊಡ್ಡದು) ಎಫ್ 11 ಎಂದೂ ಶಟರನ್ನು ಸೆಕೆಂಡಿನ 1/50 ಎಂದೂ ಇಟ್ಟುಕೊಳ್ಳೋಣ. ನಿಚ್ಚಳ ಬಿಸಿಲಿನಲ್ಲಿ ಕಿಂಡಿ ಎಫ್ 16 ಇದ್ದರೆ ಶಟರ್ ವೇಗವು ರೀಲಿನ ವೇಗದಷ್ಟೇ ಇರಬೇಕು, ಅಂದರೆ 100 ವೇಗದ ರೀಲಿಗೆ 1/100 ಇರಬೇಕು ಎಂಬುದು ಛಾಯಾಗ್ರಾಹಕರು ಬಹುಕಾಲದಿಂದ ಪಾಲಿಸಿಕೊಂಡು ಬಂದ ಸೂತ್ರ. ಆ ಸೂತ್ರದ ಪ್ರಕಾರ ನಿಮ್ಮ ಕ್ಯಾಮೆರಾದಲ್ಲಿ 100 ವೇಗದ ರೀಲಿಗೆ ಬಿಸಿಲಿನಲ್ಲಿ ಬೇಕಾದದ್ದರ 4 ಪಟ್ಟು ಬೆಳಕು ಬೀಳುತ್ತದೆ: ದೊಡ್ಡ ಕಿಂಡಿಯಿಂದ 2 ಪಟ್ಟು, ನಿಧಾನ ಶಟರಿನಿಂದ ಮತ್ತೆ ಅದರ 2 ಪಟ್ಟು. ಕಪ್ಪು ಬಿಳುಪು ರೀಲು ಇಷ್ಟನ್ನು ಸಲೀಸಾಗಿ ತಾಳಿಕೊಳ್ಳುತ್ತದೆ. ಆದರೆ 400 ವೇಗದ ರೀಲು ಹಾಕಿದರೆ 16 ಪಟ್ಟು ಬೆಳಕು ಬಿದ್ದು, ನೆಗೆಟಿವ್ ದಟ್ಟ ಕಪ್ಪಾಗಿ, ಬಿಳಿ ಪಂಚೆಯ ಮಡಿಕೆಗಳೂ ಆಕಾಶದ ಮೋಡಗಳೂ ಒಂದೇ ಬಿಳುಪಿನಲ್ಲಿ ಕರಗಿಹೋಗುತ್ತವೆ. ಹಾಗೆಂದು ನಿಮ್ಮ ಪರಿಚಯದವರ ಮಾತು ಪೂರ್ತಿ ತಪ್ಪೂ ಅಲ್ಲ. ಆಷಾಢದ ಮಳೆಗಾಲದಲ್ಲಿ, ಅಡಕೆ ತೋಟದ ನೆರಳಿನಲ್ಲಿ, ಮೋಡ ಕವಿದ ಸಾಗರದ ಮಧ್ಯಾಹ್ನಗಳಲ್ಲಿ 100 ವೇಗದ ರೀಲಿಗೆ ಬೆಳಕು ಸಾಲದು. ಆಗ 400 ವೇಗದ್ದೇ ಸರಿ. ಒಟ್ಟಿನಲ್ಲಿ, ಬೇರೆ ಕ್ಯಾಮೆರಾಗಳಲ್ಲಿ ಗುಂಡಿ ತಿರುಗಿಸಿ ಮಾಡುವ ಆಯ್ಕೆಯನ್ನು ಇಲ್ಲಿ ರೀಲು ಕೊಳ್ಳುವಾಗಲೇ, ಆಯಾ ಕಾಲದ ಬೆಳಕನ್ನು ನೋಡಿಕೊಂಡು ಮಾಡಬೇಕಾಗುತ್ತದೆ.

ಮತ್ತೆರಡು ಎಚ್ಚರಿಕೆಗಳಿವೆ. ಹಿಂಬದಿಯಲ್ಲಿ ಚಿತ್ರದ ಸಂಖ್ಯೆ ನೋಡಲೆಂದು ಇರುವ ಕೆಂಪು ಕಿಟಕಿಯ ಮೇಲೆ ಕಪ್ಪು ಟೇಪಿನ ತುಂಡೊಂದನ್ನು ಅಂಟಿಸಿ, ರೀಲು ತಿರುಗಿಸುವಾಗ ಮಾತ್ರ, ಅದೂ ನೆರಳಿನಲ್ಲಿ ನಿಂತು, ಅದನ್ನು ಎತ್ತಿ ನೋಡಿ. ಇಂಥ ಕಿಟಕಿಗಳು ರೂಢಿಗೆ ಬಂದದ್ದು ರೀಲುಗಳಿಗೆ ಕೆಂಪು ಬೆಳಕು ಕಾಣಿಸದಿದ್ದ ಕಾಲದಲ್ಲಿ. ಇಂದಿನ ರೀಲುಗಳಿಗೆ ಎಲ್ಲ ಬಣ್ಣಗಳೂ ಕಾಣಿಸುವುದರಿಂದ ಆ ಕಿಟಕಿಯೇ ಬೆಳಕು ಸೋರುವ ಜಾಗವಾಗಬಹುದು. ಎರಡನೆಯದಾಗಿ, 1/50 ಸೆಕೆಂಡು ಎಂಬುದು ಕೈ ಅಲುಗಲು ಸಾಕಾಗುವಷ್ಟು ದೀರ್ಘವಾದ ಕಾಲ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಉಸಿರು ಹಿಡಿದು, ಗುಂಡಿಯನ್ನು ಮೆಲ್ಲಗೆ ಒತ್ತಿ. ಹತ್ತು ಅಡಿಗಿಂತ ಹತ್ತಿರದ ಮುಖಗಳನ್ನು ಈ ಮಸೂರದಿಂದ ತೆಗೆಯಲು ಹೋಗಬೇಡಿ; ಅವು ಮಸುಕಾಗಿಯೇ ಬರುತ್ತವೆ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿ. ಕಡಿಮೆ ಹಣದಲ್ಲಿ ಹಳೆಯ 35 ಎಂ.ಎಂ. ಕ್ಯಾಮೆರಾ ಕೊಂಡು ಕಪ್ಪು ಬಿಳುಪು ಛಾಯಾಗ್ರಹಣ ಕಲಿಯುವ ಆಸೆ. ಯಾವುದನ್ನು ಕೊಳ್ಳಲಿ?
– ಓದುಗರು, ದಾವಣಗೆರೆ

ಉತ್ತರ: ಬ್ಯಾಟರಿ ಇಲ್ಲದೆಯೂ ಶಟರ್ ಕೆಲಸ ಮಾಡುವ ಕ್ಯಾಮೆರಾವನ್ನೇ ಕೊಳ್ಳಿ ಎಂಬುದು ನನ್ನ ಮೊದಲ ಮತ್ತು ಮುಖ್ಯ ಸಲಹೆ. 1965ರಿಂದ ಸೋವಿಯತ್ ಒಕ್ಕೂಟದಲ್ಲಿ ತಯಾರಾದ ಜೆನಿಟ್ ಇ, 1976ರಿಂದ 1997ರವರೆಗೆ ತಯಾರಾದ ಪೆಂಟಾಕ್ಸ್ ಕೆ 1000, ನಮ್ಮ ಊರುಗಳ ಸ್ಟುಡಿಯೊಗಳಲ್ಲೂ ಮದುವೆ ಛಾಯಾಗ್ರಾಹಕರ ಹೆಗಲ ಮೇಲೂ ಒಂದು ಕಾಲಕ್ಕೆ ಕಾಣುತ್ತಿದ್ದ ಯಾಶಿಕಾ ಎಫ್ಎಕ್ಸ್ 3, ಈ ಮೂರೂ ಇಂಥವು. ಪೆಂಟಾಕ್ಸ್ ಮತ್ತು ಯಾಶಿಕಾಗಳಿಗೆ ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಜೆನಿಟ್‌ನ ಮೀಟರಿಗೆ ಬ್ಯಾಟರಿಯೇ ಬೇಡ. ಆದರೆ ಬೆಳಕಿನಿಂದಲೇ ವಿದ್ಯುತ್ ಹುಟ್ಟಿಸುವ ಅದರ ಸೆಲೀನಿಯಂ ಕೋಶ ಇಷ್ಟು ವರ್ಷಗಳಲ್ಲಿ ಸತ್ತಿರುವ ಸಾಧ್ಯತೆಯೇ ಹೆಚ್ಚು. ಅದಕ್ಕಾಗಿ ಕೊರಗಬೇಕಿಲ್ಲ, ಬೆಳಕು ಅಳೆಯುವ ಕೆಲಸಕ್ಕೆ ಮೊಬೈಲಿನ ಆ್ಯಪ್ ಸಾಕು. ನನ್ನ ಒಲವು ಜೆನಿಟ್ ಕಡೆಗೆ. ಭಾರವಾದ, ಒರಟಾದ ಕ್ಯಾಮೆರಾ ಎಂಬುದು ನಿಜವಾದರೂ ಅದರ ಜೊತೆ ಬರುವ 58 ಎಂ.ಎಂ.ನ ಹೀಲಿಯೋಸ್ ಮಸೂರ ಮುಖಚಿತ್ರಗಳಲ್ಲಿ ತೋರುವ ಮೃದುತ್ವ ಆ ಬೆಲೆಗೆ ಬೇರೆಲ್ಲೂ ಸಿಗುವುದಿಲ್ಲ.

ಕೊಳ್ಳುವ ಮುನ್ನ ಹಿಂಬದಿಯ ಮುಚ್ಚಳ ತೆರೆದು, ಕ್ಯಾಮೆರಾವನ್ನು ಬೆಳಕಿನ ಕಡೆಗೆ ಹಿಡಿದು, ಪ್ರತಿಯೊಂದು ವೇಗದಲ್ಲೂ ಶಟರ್ ಒತ್ತಿ ನೋಡಿ. ನಿಧಾನ ವೇಗಕ್ಕೂ ಹೆಚ್ಚಿನ ವೇಗಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣಬೇಕು. ವರ್ಷಗಟ್ಟಲೆ ಸುಮ್ಮನೆ ಕೂತ ಕ್ಯಾಮೆರಾದಲ್ಲಿ ಎಣ್ಣೆ ಗಟ್ಟಿಯಾಗಿ ಶಟರ್ ಅರ್ಧಕ್ಕೆ ಸಿಕ್ಕಿಕೊಳ್ಳುವುದುಂಟು. ಮುಚ್ಚಳದ ಅಂಚಿನ ಸ್ಪಂಜು ಪುಡಿಪುಡಿಯಾಗಿದ್ದರೆ ಅದೊಂದೇ ಕಾರಣಕ್ಕೆ ಕ್ಯಾಮೆರಾವನ್ನು ಬಿಡಬೇಡಿ. ಹಳೆಯದನ್ನು ಕೆರೆದು ತೆಗೆದು ಹೊಸ ಸ್ಪಂಜು ಅಂಟಿಸುವುದು ಅರ್ಧ ದಿನದ ಕೆಲಸ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹಳೆಯ ಕ್ಯಾಮೆರಾ ಅಗ್ಗವೇ ಹೊರತು ರೀಲು ಅಗ್ಗವಲ್ಲ. ಇಟ್ಟುಕೊಂಡಿರುವ ಹಣವನ್ನೆಲ್ಲ ಕ್ಯಾಮೆರಾಕ್ಕೇ ಸುರಿದು, ಒಂದು ರೀಲು ಮುಗಿದೊಡನೆ ಅದನ್ನು ಕಪಾಟಿನಲ್ಲಿಟ್ಟ ಎಷ್ಟೋ ಯುವಕರನ್ನು ನಾನು ಕಂಡಿದ್ದೇನೆ. ಮೂರನೆಯ ಒಂದು ಪಾಲನ್ನು ಕ್ಯಾಮೆರಾಕ್ಕೂ ಉಳಿದದ್ದನ್ನು ರೀಲು ಮತ್ತು ತೊಳೆಯುವ ಸಾಮಗ್ರಿಗೂ ತೆಗೆದಿಡಿ. ಗೆಳೆಯರು ನಾಲ್ವರು ಸೇರುವುದಾದರೆ 100 ಅಡಿಯ ಉದ್ದನೆಯ ಸುರುಳಿ ತರಿಸಿಕೊಂಡು, ಖಾಲಿ ಡಬ್ಬಿಗಳಿಗೆ ನೀವೇ ತುಂಬಿಸಿಕೊಳ್ಳಬಹುದು. ಅದರಿಂದ 36 ಚಿತ್ರಗಳ ಸುಮಾರು 18 ರೀಲುಗಳಾಗುತ್ತವೆ; ಬಿಡಿಯಾಗಿ ಕೊಳ್ಳುವುದಕ್ಕಿಂತ ಖರ್ಚೂ ಸಾಮಾನ್ಯವಾಗಿ ಕಡಿಮೆ ಬೀಳುತ್ತದೆ.

ಪ್ರಶ್ನೆ: ಕೊಂಡ ಮಸೂರದೊಳಗೆ ಜೇಡರ ಬಲೆಯಂಥ ಬಿಳಿ ಎಳೆಗಳು ಕಾಣುತ್ತಿವೆ. ಏನಿದು?
– ಓದುಗರು, ಮಂಗಳೂರು

ಉತ್ತರ: ಅದು ಫಂಗಸ್. ಕರಾವಳಿಯ ತೇವದಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಟ್ಟ ಮಸೂರಗಳಿಗೆ ಇದು ತಪ್ಪಿದ್ದಲ್ಲ. ಅಂಚಿನಲ್ಲಿ ಒಂದೆರಡು ಎಳೆಗಳಿದ್ದರೆ ಚಿತ್ರಕ್ಕೆ ಬಾಧೆಯಿಲ್ಲ. ನಡುಭಾಗದಲ್ಲಿ ಹರಡಿದ್ದರೆ ಬೆಳಕಿಗೆ ಎದುರಾಗಿ ತೆಗೆದ ಚಿತ್ರಗಳಲ್ಲಿ ಕಪ್ಪು ಕಪ್ಪಾಗಿ ಉಳಿಯದೆ ಮಂಜು ಮುಸುಕಿದಂತೆ ಬೂದಿಬಣ್ಣಕ್ಕೆ ತಿರುಗುತ್ತದೆ. ರಿಪೇರಿಯವರಲ್ಲಿ ಬಿಚ್ಚಿಸಿ ಬೇಗನೆ ಒರೆಸಿಸಿ. ತಡವಾದರೆ ಅದು ಗಾಜಿನ ಲೇಪವನ್ನೇ ತಿನ್ನುತ್ತದೆ, ಆ ಗುರುತು ಮತ್ತೆ ಹೋಗುವುದಿಲ್ಲ. ಆಮೇಲೆ ಚರ್ಮದ ಚೀಲವನ್ನು ದೂರವಿಟ್ಟು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಪ್ರಶ್ನೆ: ಹಿತ್ತಲಿನ ಕೆಂಪು ದಾಸವಾಳವನ್ನು ಕಪ್ಪು ಬಿಳುಪಿನಲ್ಲಿ ತೆಗೆದೆ. ಹೂವು ಯಾವುದು, ಎಲೆ ಯಾವುದು ಎಂದು ತಿಳಿಯದಂತೆ ಎರಡೂ ಒಂದೇ ಬೂದಿಯಾಗಿ ಬಂದಿವೆ. ತಪ್ಪು ಎಲ್ಲಿ?
– ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಬೆಳಕಿನ ಅಳತೆಯಲ್ಲಿ ತಪ್ಪಿಲ್ಲ. ನಮ್ಮ ಕಣ್ಣು ಹೂವನ್ನೂ ಎಲೆಯನ್ನೂ ಬೇರೆ ಮಾಡುವುದು ಬಣ್ಣದಿಂದ. ರೀಲು ಬಲ್ಲದ್ದು ಬೆಳಕಿನ ಹೆಚ್ಚುಕಡಿಮೆಯನ್ನು ಮಾತ್ರ. ಆ ಕೆಂಪೂ ಆ ಹಸಿರೂ ಹೆಚ್ಚುಕಡಿಮೆ ಸಮನಾದ ಬೆಳಕನ್ನು ಕಳಿಸುತ್ತಿದ್ದುದರಿಂದ ರೀಲಿನ ಮೇಲೆ ಅವೆರಡೂ ಒಂದೇ ಆದವು. ಇದಕ್ಕೆ ಉಪಾಯ ಬಣ್ಣದ ಫಿಲ್ಟರ್. ಫಿಲ್ಟರ್ ತನ್ನ ಬಣ್ಣದ ವಸ್ತುವನ್ನು ಬೆಳ್ಳಗೆ ಮಾಡುತ್ತದೆ, ವಿರುದ್ಧ ಬಣ್ಣದ್ದನ್ನು ಕಪ್ಪಾಗಿಸುತ್ತದೆ. ಕೆಂಪು ಫಿಲ್ಟರ್ ಹಾಕಿದರೆ ದಾಸವಾಳ ಬಿಳಿಯ ಹೂವಿನಂತೆ ಕಪ್ಪು ಎಲೆಗಳ ನಡುವೆ ಎದ್ದು ಕಾಣುತ್ತದೆ. ಹಸಿರು ಫಿಲ್ಟರ್ ಹಾಕಿದರೆ ಹೂವು ಕಪ್ಪಾಗಿ ಎಲೆಗಳು ತಿಳಿಯಾಗುತ್ತವೆ. ಯಾವುದು ದಾಸವಾಳದ ಸ್ವಭಾವಕ್ಕೆ ಹತ್ತಿರ ಎಂಬುದನ್ನು ನೀವೇ ತೀರ್ಮಾನಿಸಬೇಕು. ನನಗೆ ಎರಡನೆಯದೇ ಹಿಡಿಸುತ್ತದೆ.

ಫಿಲ್ಟರ್ ಬೆಳಕನ್ನು ನುಂಗುತ್ತದೆ ಎಂಬುದನ್ನು ಮರೆಯಬಾರದು. ಹಳದಿಗೆ ಸುಮಾರು 2 ಪಟ್ಟು, ಗಾಢ ಕೆಂಪಿಗೆ ಸುಮಾರು 8 ಪಟ್ಟು ಹೆಚ್ಚು ಬೆಳಕು ಕೊಡಬೇಕು. 400 ವೇಗದ ರೀಲಿಗೆ ಬಿಸಿಲಿನಲ್ಲಿ 1/500 ಮತ್ತು ಎಫ್ 16 ಇಡುತ್ತಿದ್ದವರು ಕೆಂಪು ಫಿಲ್ಟರ್ ಹಾಕಿದಾಗ ಅದೇ ವೇಗಕ್ಕೆ ಎಫ್ 5.6 ಇಡಬೇಕಾಗುತ್ತದೆ. ಒಂದೇ ಫಿಲ್ಟರ್ ಕೊಳ್ಳುವಷ್ಟು ಹಣವಿದ್ದರೆ ಹಳದಿಯನ್ನೇ ಕೊಳ್ಳಿ. ನೀಲಿ ಆಕಾಶ ತುಸು ಗಾಢವಾಗಿ ಮೋಡಗಳು ಬಿಡಿಸಿ ಕಾಣುತ್ತವೆ, ಮುಖಗಳೂ ಸಹಜವಾಗಿರುತ್ತವೆ. ಕೆಂಪು ಫಿಲ್ಟರಿನಲ್ಲಿ ಮುಖ ತೆಗೆದರೆ ತುಟಿಗಳ ಬಣ್ಣ ಬತ್ತಿ, ಆಳು ಕಾಯಿಲೆ ಬಿದ್ದವರಂತೆ ಕಾಣುತ್ತಾರೆ.

ಫಿಲ್ಟರಿಗಿಂತ ಮೊದಲು ಮಾಡಬೇಕಾದ ಒಂದು ಅಭ್ಯಾಸವಿದೆ. ಕಣ್ಣನ್ನು ಅರ್ಧ ಮುಚ್ಚಿ ದೃಶ್ಯವನ್ನು ನೋಡಿ. ಆಗ ಬಣ್ಣ ಹಿಂದೆ ಸರಿದು ನೆರಳು–ಬೆಳಕು ಮುಂದೆ ಬರುತ್ತದೆ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರು ಸಾಮಾನ್ಯ ಜನರನ್ನೂ ಮಕ್ಕಳನ್ನೂ ತೆಗೆದ ಕಪ್ಪು ಬಿಳುಪು ಚಿತ್ರಗಳು ನಿಮಗೆ ಎಲ್ಲಾದರೂ ನೋಡಲು ಸಿಕ್ಕರೆ, ಬೆಳಕು ಯಾವ ಕಡೆಯಿಂದ ಬಂದು ಮುಖದ ಮೇಲೆ ಎಲ್ಲಿ ನಿಂತಿದೆ ಎಂಬುದನ್ನಷ್ಟೇ ಗಮನಿಸುತ್ತ ಒಂದು ಸಂಜೆ ಕಳೆಯಿರಿ. ಹತ್ತು ರೀಲು ಮುಗಿಸಿ ಕಲಿಯುವುದನ್ನು ಆ ಒಂದು ಸಂಜೆ ಕಲಿಸುತ್ತದೆ.

ಪ್ರಶ್ನೆ: ಮನೆಯಲ್ಲೇ ರೀಲು ತೊಳೆಯಬೇಕೆಂದಿದ್ದೇನೆ. ಎಲ್ಲ ಕಡೆಯೂ 20 ಡಿಗ್ರಿ ಎಂದು ಬರೆದಿರುತ್ತದೆ. ನಮ್ಮಲ್ಲಿ ಏಪ್ರಿಲ್‌ನಲ್ಲಿ ನಲ್ಲಿಯ ನೀರೇ 30 ಡಿಗ್ರಿ ದಾಟಿರುತ್ತದೆ. ಏನು ಮಾಡಲಿ?
– ಓದುಗರು, ಕಲಬುರಗಿ

ಉತ್ತರ: 20 ಡಿಗ್ರಿಯ ಹಟ ಬಿಡಿ, 24 ಡಿಗ್ರಿಯನ್ನು ಗುರಿಯಾಗಿಟ್ಟುಕೊಳ್ಳಿ. ಶಾಖ ಒಂದು ಡಿಗ್ರಿ ಏರಿದಂತೆಲ್ಲ ಡೆವಲಪರಿನ (ರೀಲಿನ ಮೇಲೆ ಚಿತ್ರ ಮೂಡಿಸುವ ದ್ರಾವಣ) ಸಮಯವನ್ನು ಸುಮಾರು ಶೇ 10ರಷ್ಟು ಇಳಿಸಬೇಕು. ಇಲ್ಫರ್ಡ್ ಎಚ್‌ಪಿ 5 ಪ್ಲಸ್ ರೀಲನ್ನು ಐಡಿ 11 ಡೆವಲಪರಿನಲ್ಲಿ, ಏನೂ ಬೆರೆಸದೆ, 20 ಡಿಗ್ರಿಯಲ್ಲಿ ಏಳೂವರೆ ನಿಮಿಷ ತೊಳೆಯಬೇಕು. 24ಕ್ಕೆ ಬಂದರೆ ಅದು 5 ನಿಮಿಷದ ಆಸುಪಾಸಿಗೆ ಇಳಿಯುತ್ತದೆ. ಅಷ್ಟು ಕಡಿಮೆ ಸಮಯದಲ್ಲಿ ದ್ರಾವಣ ರೀಲಿನುದ್ದಕ್ಕೂ ಸಮನಾಗಿ ಕೆಲಸ ಮಾಡುವುದು ಕಷ್ಟ; ಅರ್ಧ ನಿಮಿಷ ಆಚೀಚೆಯಾದರೂ ನೆಗೆಟಿವ್ ಕೆಡುತ್ತದೆ. ಆದ್ದರಿಂದ ಡೆವಲಪರಿಗೆ ಅಷ್ಟೇ ನೀರು ಬೆರೆಸಿ ಬಳಸಿ. ಆಗ 20 ಡಿಗ್ರಿಗೆ 13 ನಿಮಿಷ, 24ಕ್ಕೆ ಸುಮಾರು 9 ನಿಮಿಷ ಆಗುತ್ತದೆ. ಇದು ನಮ್ಮ ಬಿಸಿಲುನಾಡಿಗೆ ಹೇಳಿ ಮಾಡಿಸಿದ ಸಮಯ.

ನೀರನ್ನು 24ಕ್ಕೆ ಇಳಿಸಲು ಫ್ರಿಜ್ ಇಲ್ಲದಿದ್ದರೂ ಚಿಂತೆಯಿಲ್ಲ. ಒಣಹವೆಯ ನಿಮ್ಮ ಊರಿನಲ್ಲಿ ಮಣ್ಣಿನ ಮಡಕೆಯ ನೀರು ರಾತ್ರಿ ಕಳೆಯುವುದರೊಳಗೆ ಚೆನ್ನಾಗಿ ತಣಿದಿರುತ್ತದೆ. ಬೆಳಗಿನ ಜಾವದಲ್ಲಿ ಕೆಲಸಕ್ಕೆ ಕೂತು, ಬಕೆಟ್‌ನಲ್ಲಿ ಆ ನೀರು ತುಂಬಿ, ಡೆವಲಪರ್, ಹೈಪೊ (ಮೂಡಿದ ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣ) ಬಾಟಲಿಗಳನ್ನೂ ತೊಳೆಯುವ ಟ್ಯಾಂಕನ್ನೂ ಅದರಲ್ಲಿ ಅರ್ಧ ಗಂಟೆ ನಿಲ್ಲಿಸಿ. ಬೇಕಿದ್ದರೆ ಬಕೆಟ್ಟಿಗೆ ಐಸ್ ಹಾಕಿ, ದ್ರಾವಣದೊಳಗೆ ಮಾತ್ರ ಹಾಕಬೇಡಿ, ಅದರ ಸಾಂದ್ರತೆ ಕೆಡುತ್ತದೆ. ಡೆವಲಪರ್ 24 ಇದ್ದು ಕೊನೆಯ ತೊಳೆನೀರು 34 ಇದ್ದರೆ ರೀಲಿನ ಜೆಲಟಿನ್ ಪದರ ಉಬ್ಬಿ ಮೆತ್ತಗಾಗುತ್ತದೆ. ಹಾಗಾಗಿ ಎಲ್ಲ ದ್ರಾವಣಗಳೂ ನೀರೂ ಹತ್ತಿರಹತ್ತಿರದ ಶಾಖದಲ್ಲೇ ಇರಲಿ.

ನೀರಿನ ಅಭಾವವಿರುವ ಊರುಗಳಿಗೆ ಇಲ್ಫರ್ಡ್ ಕಂಪನಿಯವರೇ ಸೂಚಿಸುವ ವಿಧಾನವೊಂದು ಉಪಯುಕ್ತ. ಹೈಪೊ ಚೆಲ್ಲಿದ ಮೇಲೆ ಟ್ಯಾಂಕಿಗೆ ನೀರು ತುಂಬಿ 5 ಸಲ ಮಗುಚಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಮತ್ತೆ ತುಂಬಿ 20 ಸಲ ಮಗುಚಿ ಚೆಲ್ಲಬೇಕು. ನಲ್ಲಿಯನ್ನು ಅರ್ಧ ಗಂಟೆ ಹರಿಯಬಿಡುವ ಅಗತ್ಯವೇ ಇಲ್ಲ. ಕೊನೆಯ ಒಂದು ಮುಳುಗನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಕೊಡಿ. ಬೋರ್‌ವೆಲ್‌ನ ಗಡಸು ನೀರು ಹಾಗೆಯೇ ಒಣಗಿದರೆ ನೆಗೆಟಿವ್ ಮೇಲೆ ಸುಣ್ಣದ ಕಲೆ ಕೂರುತ್ತದೆ. ಬಾಟಲಿಗಳ ಮೇಲೆ ದಪ್ಪ ಅಕ್ಷರಗಳಲ್ಲಿ ಹೆಸರು ಬರೆಯಿರಿ. ನಾನು ಕಲಿಯುತ್ತಿದ್ದಾಗ ಡೆವಲಪರ್ ಎಂದುಕೊಂಡು ಹೈಪೊವನ್ನೇ ಮೊದಲು ಸುರಿದು, ಸೋದರತ್ತೆಯ ಮನೆಯ ಗೃಹಪ್ರವೇಶದ ರೀಲೊಂದನ್ನು ಪೂರ್ತಿ ಕಳೆದಿದ್ದೇನೆ. ಆ ರೀಲಿನಲ್ಲಿದ್ದ ಹಿರಿಯರಲ್ಲಿ ಈಗ ಯಾರೂ ಇಲ್ಲ.

ಪ್ರಶ್ನೆ: ತೀರಿಕೊಂಡ ತಂದೆಯವರ ಕ್ಯಾಮೆರಾದಲ್ಲಿ ಪೂರ್ತಿ ಸುತ್ತಿದ ಒಂದು ರೀಲು ಇತ್ತು. ಕಾಗದದ ಮೇಲೆ ‘ಇಂದು’ ಎಂಬ ಹೆಸರಿದೆ. ಮೂವತ್ತು ವರ್ಷಗಳಾದರೂ ಆಗಿರಬೇಕು. ಅದರಿಂದ ಚಿತ್ರಗಳು ಬಂದಾವೆಯೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಬರುವ ಸಾಧ್ಯತೆ ಇದೆ. ‘ಇಂದು’ ಎಂಬುದು 1960ರಲ್ಲಿ ಸ್ಥಾಪನೆಯಾದ, ಊಟಿಯ ಸರ್ಕಾರಿ ಉದ್ಯಮ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ರೀಲು. ಬೆಳಕು ಬಿದ್ದ ಕಪ್ಪು ಬಿಳುಪು ರೀಲಿನಲ್ಲಿ ಕಣ್ಣಿಗೆ ಕಾಣದ ಚಿತ್ರ ದಶಕಗಳ ಕಾಲ ಉಳಿದುಕೊಂಡ ಉದಾಹರಣೆಗಳು ಬಹಳ ಇವೆ. ಕಾಲಕ್ರಮದಲ್ಲಿ ರೀಲಿನುದ್ದಕ್ಕೂ ಮಬ್ಬು ಆವರಿಸಿ, ಚಿತ್ರ ಆ ಮಬ್ಬಿನೊಳಗೆ ತೆಳುವಾಗಿ ಉಳಿದಿರುತ್ತದೆ. ಆ ಮಬ್ಬನ್ನು ಹಿಡಿತದಲ್ಲಿಡುವ ಕಾರಣಕ್ಕೆ ಹಳೆಯ ರೀಲುಗಳಿಗೆ ಎಚ್‌ಸಿ 110 ಎಂಬ ಡೆವಲಪರನ್ನು ಅನುಭವಿಗಳು ಆಯ್ದುಕೊಳ್ಳುತ್ತಾರೆ. ನೆಗೆಟಿವ್ ಎಷ್ಟೇ ಮಸುಕಾಗಿ ಕಂಡರೂ ಸ್ಕ್ಯಾನ್ ಮಾಡಿಸಿ ನೋಡಿ. ಕಣ್ಣಿಗೆ ಸಿಗದ ಮುಖಗಳು ಅಲ್ಲಿ ಸಿಗುವುದುಂಟು.

ಇದನ್ನು ನಿಮ್ಮ ಮೊದಲ ಪ್ರಯೋಗದ ರೀಲಾಗಿ ಮಾಡಿಕೊಳ್ಳಬೇಡಿ. ಸುತ್ತಿದ ಕಾಗದ ಸಡಿಲವಾಗದಂತೆ ರಬ್ಬರ್ ಬ್ಯಾಂಡ್ ಹಾಕಿ, ಕಪ್ಪು ಡಬ್ಬಿಯಲ್ಲಿಟ್ಟು, ಕಪ್ಪು ಬಿಳುಪು ರೀಲುಗಳನ್ನು ಕೈಯಲ್ಲೇ ತೊಳೆಯುವ ಅನುಭವಿಗಳಿಗೆ ಒಪ್ಪಿಸಿ. ಬಣ್ಣದ ರೀಲು ತೊಳೆಯುವ ಯಂತ್ರಕ್ಕೆ ಅದು ಯಾವ ಕಾರಣಕ್ಕೂ ಹೋಗಕೂಡದು. ಬಣ್ಣದ ರೀಲಿನಲ್ಲಿ ಕೊನೆಗೆ ಉಳಿಯುವುದು ವರ್ಣದ್ರವ್ಯ, ಬೆಳ್ಳಿಯನ್ನೆಲ್ಲ ಆ ಯಂತ್ರದ ದ್ರಾವಣಗಳು ತೆಗೆದುಹಾಕುತ್ತವೆ. ಕಪ್ಪು ಬಿಳುಪು ರೀಲಿನಲ್ಲಿ ಚಿತ್ರ ಇರುವುದೇ ಬೆಳ್ಳಿಯಲ್ಲಾದ್ದರಿಂದ, ಆ ಯಂತ್ರದಿಂದ ನಿಮ್ಮ ಕೈಗೆ ಬರುವುದು ಏನೂ ಇಲ್ಲದ ಪಾರದರ್ಶಕ ಪಟ್ಟಿ. ಕೊಡುವಾಗ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಡಬ್ಬಿಯ ಮೇಲೆಯೇ ‘ಕಪ್ಪು ಬಿಳುಪು, ಹಳೆಯ ರೀಲು, ಯಂತ್ರಕ್ಕೆ ಹಾಕಬಾರದು’ ಎಂದು ಚೀಟಿ ಬರೆದು ಅಂಟಿಸಿ ಕೊಡಿ.