ಹಟ್ಟಿಗೆ ಹೋಗುವವರು ಮಸ್ಕಿಯಲ್ಲಿ ಇಳಿಯಿರಿ

ರಾಯಚೂರಿನಿಂದ ಒಂದೇ ದಿನದಲ್ಲಿ ಹಟ್ಟಿ ಚಿನ್ನದ ಗಣಿ ನೋಡಿಕೊಂಡು ಬರಬಹುದಾ, ಮಕ್ಕಳಿಗೆ ಅಲ್ಲಿ ಏನಿದೆ ಅಂತ ಕೇಳಿದ್ದೀರಿ. ಆರಾಮಾಗಿ ಹೋಗಿಬರಬಹುದು. ಆದರೆ ಅದು ಈಗಲೂ ಕೆಲಸ ನಡೆಯುತ್ತಿರುವ ಗಣಿ, ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ, ಮಕ್ಕಳನ್ನು ಕೆಳಗೆ ಇಳಿಸುವ ಮಾತಂತೂ ದೂರ. ಬರೀ ಹಟ್ಟಿ ಅಂತ ಹೊರಟರೆ ಗೇಟು ನೋಡಿ ವಾಪಸ್ ಬರಬೇಕಾಗುತ್ತದೆ. ಅದಕ್ಕೇ ಜೊತೆಗೆ ಮಸ್ಕಿ ಸೇರಿಸಿಕೊಳ್ಳಿ ಅನ್ನುತ್ತೇನೆ.

ಬೆಳಿಗ್ಗೆ ಬೇಗ ಹೊರಟು ಮಾನ್ವಿ, ಸಿಂಧನೂರು ಮೇಲೆ ಮಸ್ಕಿಗೆ ಬನ್ನಿ. ಒಗ್ಗರಣೆ-ಮಿರ್ಚಿ ತಿಂದು, ಬಿಸಿಲು ಏರುವ ಮೊದಲೇ ಅಶೋಕನ ಶಾಸನ ಇರುವ ಗುಡ್ಡಕ್ಕೆ ಹೋಗಿ. ಆ ಬಂಡೆಯ ಮೇಲಿನ ಅಕ್ಷರ ಅಷ್ಟು ಸುಲಭಕ್ಕೆ ಕಾಣುವುದಿಲ್ಲ, ಸ್ವಲ್ಪ ಹೊತ್ತು ನಿಂತು ನೋಡಬೇಕು. 1915ರಲ್ಲಿ ಇದನ್ನು ಕಂಡವರು ಬೀಡನ್ ಅಂತ ಒಬ್ಬ ಇಂಜಿನಿಯರ್. ಅವರು ಈ ಸೀಮೆಗೆ ಬಂದದ್ದು ಚಿನ್ನ ಹುಡುಕಲು! ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ರಾಜನಿಗೆ ದೇವಾನಂಪಿಯ, ಪಿಯದಸಿ ಅನ್ನುವ ಬಿರುದುಗಳಷ್ಟೇ ಇದ್ದವು. ಇಲ್ಲಿ ಮಾತ್ರ 'ಅಸೋಕಸ' ಅಂತ ಹೆಸರೇ ಇತ್ತು. ನಮ್ಮ ಜಿಲ್ಲೆಯ ಒಂದು ಗುಡ್ಡದಿಂದ ಆ ರಾಜನ ಹೆಸರು ಗಟ್ಟಿಯಾಯಿತು ಅಂದರೆ ನನಗೆ ಇವತ್ತಿಗೂ ಮೈ ಜುಂ ಅನ್ನುತ್ತದೆ.

ಅಲ್ಲಿಂದ ಲಿಂಗಸುಗೂರು, ಆಮೇಲೆ ಹಟ್ಟಿ. ದೂರದಿಂದಲೇ ಗಣಿಯ ಬಾಯಿ ಮೇಲಿನ ಕಬ್ಬಿಣದ ಗೋಪುರ, ಅದರ ತುದಿಯ ದೊಡ್ಡ ಗಾಲಿ ಕಾಣುತ್ತವೆ. ಆ ಗಾಲಿ ತಿರುಗಿದರೆ ಕೆಳಗೆ ಹಗ್ಗಕ್ಕೆ ಕಟ್ಟಿದ ಕೇಜಿನಲ್ಲಿ ಜನ ಇಳಿಯುತ್ತಿದ್ದಾರೆ ಇಲ್ಲವೇ ಕಲ್ಲು ಮೇಲೆ ಬರುತ್ತಿದೆ ಅಂತ ಮಕ್ಕಳಿಗೆ ಹೇಳಿ, ಸುಮ್ನೆ ನಿಂತು ನೋಡುತ್ತಾರೆ. ಈಗಿನ ಕಂಪನಿ 1947ರಲ್ಲಿ ನಿಜಾಮರ ಕಾಲದಲ್ಲಿ ಶುರುವಾದದ್ದು, ಈಗ ಕರ್ನಾಟಕ ಸರ್ಕಾರದ್ದು. ಆದರೆ ಇಲ್ಲಿ ಸುಮಾರು 2,000 ವರ್ಷದ ಹಿಂದೆಯೇ ಜನ ಚಿನ್ನ ತೆಗೆಯುತ್ತಿದ್ದರು. ಸಿಡಿಮದ್ದು ಇರಲಿಲ್ಲ, ಮಷೀನು ಇರಲಿಲ್ಲ. ಬಂಡೆಗೆ ಒತ್ತಿ ಕಟ್ಟಿಗೆ ಪೇರಿಸಿ ಬೆಂಕಿ ಹಚ್ಚುವುದು, ಕಾದ ಮೇಲೆ ನೀರು ಸುರಿಯುವುದು, ಬಿರುಕು ಬಿಟ್ಟ ಕಲ್ಲನ್ನು ಕೆತ್ತಿ ತೆಗೆಯುವುದು. ಹೀಗೇ 600 ಅಡಿಗೂ ಜಾಸ್ತಿ ಇಳಿದಿದ್ದರು. ಆ ಆಳದಲ್ಲಿ ಬೆಂಕಿಯ ಹೊಗೆ, ಕಾವು, ಕತ್ತಲು ಹೇಗಿದ್ದಿರಬಹುದು ಅಂತ ಯೋಚಿಸಿ.

ನಮ್ಮ ಸೋದರಮಾವ ಈ ಗಣಿಯಲ್ಲೇ ಪಾಳಿ ಮಾಡಿ ನಿವೃತ್ತರಾದವರು. ಹೋದ ಸಲ ನನ್ನ ಮಗಳು ಅವರ ಮನೆ ಗೂಡಿನಲ್ಲಿದ್ದ ಬಿಳಿ ಬೆಣಚುಕಲ್ಲು ಎತ್ತಿಕೊಂಡಳು. ಅದರ ಒಂದು ಮಗ್ಗುಲಲ್ಲಿ ಹಳದಿ ಚುಕ್ಕೆ ಫಳಫಳ ಹೊಳೆಯುತ್ತಿತ್ತು. "ತಾತಾ, ಚಿನ್ನ!" ಅಂದಳು. "ಅಲ್ಲವ್ವಾ, ಹೊಳೆಯೋದು ಗಂಧಕ ಸೇರಿದ ಕಬ್ಬಿಣ. ಚಿನ್ನ ಕಣ್ಣಿಗೆ ಕಾಣಂಗಿಲ್ಲ, ಒಂದು ಟನ್ ಕಲ್ಲು ಹಿಟ್ಟು ಮಾಡಿದ್ರೆ ನಾಲ್ಕಾರು ಗ್ರಾಂ ಸಿಗೋದು" ಅಂದರು. ಅವಳು ಅಮ್ಮನ ಕಿವಿಯ ಓಲೆ ಮುಟ್ಟಿ, "ಇದಕ್ಕೆ ಎಷ್ಟು ಕಲ್ಲು?" ಅಂದಳು.

ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ, ಬೇಸಿಗೆಯಲ್ಲಿ ಬೇಡ. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ, ನೀರು ಜಾಸ್ತಿ ಇರಲಿ. ಬರುವಾಗ ಸಿರವಾರದ ಮೇಲೆ ಬಂದರೆ ರಾತ್ರಿ ಊಟಕ್ಕೆ ಮನೆಯಲ್ಲಿರುತ್ತೀರಿ.