ಫ್ಲಾಸ್ಕ್ ಆ್ಯಪ್ ದೊಡ್ಡದಾಗೇತಿ, ಹೆಂಗ ಒಡೀಬೇಕ್ರಿ?

ಫ್ಲಾಸ್ಕ್ (ಪೈಥಾನ್‌ನ್ಯಾಗ ವೆಬ್ ಆ್ಯಪ್ ಮಾಡೂ ಸಾಧನ) ಕೋಡ್ ಒಂದ ಫೈಲಿನ್ಯಾಗ 1800 ಲೈನ್ ಆಗೇತಿ, ಮಾಡೆಲ್ಸ್ (ಡೇಟಾದ ರಚನೆ) ಬ್ಯಾರೆ ವ್ಯೂಸ್ (ಪೇಜ್ ತೋರ್ಸೂ ಕೋಡ್) ಬ್ಯಾರೆ ಅಂತ ಒಡದ ಕೂಡ್ಲೆ ಇಂಪೋರ್ಟ್ (ಒಂದ ಫೈಲ್ ಇನ್ನೊಂದರಿಂದ ಕೋಡ್ ತಗೊಳ್ಳೂದು) ಎರರ್ ಬರಾಕತ್ತೇತಿ ಅಂತ ಕೇಳೀರಿ. ನಾನೂ ಇದ ರಾಡಿಯೊಳಗ ಬಿದ್ದ ಎದ್ದೀನ್ರಿ.

ಬ್ಯಾಡಗಿ ಮೆಣಸಿನಕಾಯಿ ಅಡತಿ ಅಂಗಡಿಯೊಂದಕ್ಕ ಹುಬ್ಬಳ್ಳಿಯಾಗ ಕುಂತ ಸಾಫ್ಟ್‌ವೇರ್ ಮಾಡಿದ್ದೆ, ಚೀಲ ಬಂದ್ರ ಲಾಟ್ ಹಚ್ಚೂದು, ಡಬ್ಬಿ ತಳಿನೋ ಕಡ್ಡಿ ತಳಿನೋ ಬರಕೊಳ್ಳೂದು, ತೂಕ, ಆಮ್ಯಾಲ ರೈತರ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ತಗಿಯೂದು. ನಿಮ್ಮಂಗ ಮಾಡೆಲ್ಸ್, ವ್ಯೂಸ್, ಯುಟಿಲ್ಸ್ (ಚಿಲ್ಲರೆ ಸಹಾಯದ ಕೋಡ್) ಅಂತ ಒಡದಿದ್ದೆ. ಹಮಾಲಿ ರೇಟ್ ಬದಲಾತು ಅಂದ್ರ ಮೂರೂ ಫೈಲ್ ತಗದ ಹುಡಕಬೇಕು! ಅದಕ್ಕ ಕೆಲಸದ ಮ್ಯಾಲ ಒಡೀರಿ. ನಾನು ಲಾಟ್, ಪಟ್ಟಿ, ಖಾತೆ ಅಂತ ಮೂರು ಫೋಲ್ಡರ್ ಮಾಡ್ದೆ, ಒಂದೊಂದಕ್ಕೂ ಅದರದ್ದ ಬ್ಲೂಪ್ರಿಂಟ್ (ಫ್ಲಾಸ್ಕ್‌ನ್ಯಾಗ ಆ್ಯಪಿನ ಒಂದ ಭಾಗದ ಪೇಜುಗಳ ಗುಂಪು), ಅದರದ್ದ ಮಾಡೆಲ್. ಯುಟಿಲ್ಸ್ ಅನ್ನೂದು ಬರೇ ಅಡ್ಡಗೂಡು, ಜಾಗ ಸಿಗಲಾರದ್ದೆಲ್ಲಾ ಅಲ್ಲೇ ಬೀಳತೈತಿ.

ಈಗ ಎರರ್. ಆ್ಯಪ್ ಡಾಟ್ ಪೈ ಅನ್ನೂ ಮುಖ್ಯ ಫೈಲನ್ನ ಪೈಥಾನ್ ಮ್ಯಾಲಿಂದ ಓದ್ಕೊಂತ ಬರತೈತಿ, ವ್ಯೂಸ್ ಇಂಪೋರ್ಟ್ ಸಿಕ್ಕ ಕೂಡ್ಲೆ ಅಲ್ಲೇ ನಿಂತು ವ್ಯೂಸ್ ಒಳಗ ಹೋಗತೈತಿ, ಅಲ್ಲಿ ಮೊದಲ್ನೇ ಸಾಲಿನ್ಯಾಗನ ಆ್ಯಪ್‌ನಿಂದ ಡಿಬಿ (ಡೇಟಾಬೇಸ್ ಜೋಡಣೆ) ಕೊಡು ಅಂತ ಐತಿ, ಆದ್ರ ಆ್ಯಪ್‌ನ್ಯಾಗ ಡಿಬಿ ಮಾಡೂ ಸಾಲು ಇನ್ನಾ ಓಡೇ ಇಲ್ಲಲ್ಲ. 'ಪಾರ್ಷಿಯಲಿ ಇನಿಶಿಯಲೈಸ್ಡ್ ಮಾಡ್ಯೂಲ್' ಅಂದ್ರ ಅರ್ಧಾ ತಯಾರಾದ ಫೈಲ್, ಇಷ್ಟ. ಇಂಪೋರ್ಟ್ ಸಾಲನ್ನ ಫೈಲಿನ ತಳಕ್ಕ ಹಾಕಿದ್ರ ನಡೀತೈತಿ, ನಾನೂ ಮಾಡೀನಿ, ಮುಂದಿನ ಫೈಲ್ ಸೇರ್ಸಿದಾಗ ಮತ್ತ ಅದ ಹಾಡು.

ಎಕ್ಸ್‌ಟೆನ್ಷನ್ಸ್ ಅಂತ ಒಂದ ಸಣ್ಣ ಫೈಲ್ ಮಾಡಿ, ಅದ್ರಾಗ ಎಸ್‌ಕ್ಯೂಎಲ್‌ಆಲ್ಕೆಮಿ (ಡೇಟಾಬೇಸ್ ಜೊತಿ ಮಾತಾಡೂ ಲೈಬ್ರರಿ) ಡಿಬಿನ ಆ್ಯಪ್ ಕೊಡದನ ಖಾಲಿ ಇಡ್ರಿ. ಎಲ್ಲಾರೂ ಡಿಬಿ ಅಲ್ಲಿಂದನ ತಗೋಬೇಕು. ಆಮ್ಯಾಲ ಕ್ರಿಯೇಟ್_ಆ್ಯಪ್ ಅನ್ನೂ ಫಂಕ್ಷನ್ ಬರದು, ಅದರ ಒಳಗನ ಇನಿಟ್_ಆ್ಯಪ್ ಕರದು ಡಿಬಿನ ಆ್ಯಪಿಗೆ ಜೋಡಿಸಿ, ಬ್ಲೂಪ್ರಿಂಟ್ ರಿಜಿಸ್ಟರ್ ಮಾಡ್ರಿ. ಯಾವ ಫೋಲ್ಡರೂ ಆ್ಯಪ್‌ನ ಇಂಪೋರ್ಟ್ ಮಾಡಬಾರ್ದು, ಕಾನ್ಫಿಗ್ (ಸೆಟ್ಟಿಂಗ್ಸ್) ಬೇಕಾದ್ರ ರಿಕ್ವೆಸ್ಟ್ ನಡದಾಗ ಈಗ ಓಡಾಕತ್ತಿದ ಆ್ಯಪ್ ಕೊಡೂ ಕರೆಂಟ್_ಆ್ಯಪ್ ಐತಲ್ಲ. ಇನ್ನೊಂದು, ಪಟ್ಟಿ ಫೋಲ್ಡರ್ ಲಾಟ್ ಫೋಲ್ಡರ್‌ನ ಇಂಪೋರ್ಟ್ ಮಾಡಬೌದು, ಲಾಟ್ ಮಾತ್ರ ಪಟ್ಟಿನ ಮಾಡಬಾರ್ದು. ಚೀಲ ಮೊದ್ಲ ಬರತೈತಿ, ಪಟ್ಟಿ ಆಮ್ಯಾಲ.

ಒಡದ ಮ್ಯಾಲ ಪೇಜಿನ ಲಿಂಕ್ ಮಾಡೂ ಯುಆರ್‌ಎಲ್_ಫಾರ್ ಎಲ್ಲಾ ಕೆಡತಾವು, ಬರೇ 'ಇಂಡೆಕ್ಸ್' ಇದ್ದದ್ದು 'ಪಟ್ಟಿ.ಇಂಡೆಕ್ಸ್' ಆಗತೈತಿ, ಟೆಂಪ್ಲೇಟ್ (ಪೇಜಿನ ಎಚ್‌ಟಿಎಮ್‌ಎಲ್ ಅಚ್ಚು) ಒಳಗೂ ಹುಡಕ್ರಿ. ಎರಡು ಬ್ಲೂಪ್ರಿಂಟ್‌ನ್ಯಾಗ ಲಿಸ್ಟ್ ಡಾಟ್ ಎಚ್‌ಟಿಎಮ್‌ಎಲ್ ಅಂತ ಒಂದ ಹೆಸರು ಇದ್ರ ಫ್ಲಾಸ್ಕ್ ಮೊದ್ಲ ಸಿಕ್ಕದ್ದ ತೋರಸ್ತೈತಿ. ನನ್ನ ಪಟ್ಟಿ ಪೇಜಿನ್ಯಾಗ ಖಾತೆ ಲಿಸ್ಟ್ ಬಂದು ಮಾಲಕರು ಫೋನ್ ಹಚ್ಚಿ ಬೈದಿದ್ರು. ಅದಕ್ಕ ಟೆಂಪ್ಲೇಟ್ಸ್ ಒಳಗ ಮತ್ತ ಪಟ್ಟಿ ಅಂತ ಫೋಲ್ಡರ್ ಮಾಡಿ ಇಡ್ರಿ.

ಎಲ್ಲಾ ಒಂದ ದಿನಕ್ಕ ಒಡ್ಯಾಕ ಹೋಗಬ್ಯಾಡ್ರಿ. ಇವತ್ತು ಡಿಬಿ ಒಂದ ಸರಸಿ, ಓಡಸಿ ನೋಡಿ ಕಮಿಟ್ ಮಾಡಿ (ಆ ಹಂತ ಉಳಿಸಿ) ಇಡ್ರಿ, ಆಮ್ಯಾಲ ಎಲ್ಲಾಕಿಂತ ಸಣ್ಣ ಭಾಗ ಹಿಡೀರಿ. ಮತ್ತ ಎರರ್ ಬಂದ್ರ ಪೂರಾ ಟ್ರೇಸ್‌ಬ್ಯಾಕ್ (ಎರರ್ ಎಲ್ಲೆಲ್ಲಿಂದ ಬಂತು ಅನ್ನೂ ಸಾಲುಗಳು) ಹಾಕ್ರಿ, ಕಡೀ ಸಾಲು ಒಂದ ಹಾಕಿದ್ರ ಏನೂ ತಿಳಿಯೂದಿಲ್ಲ.